ಬೀಸುಕಲ್ಲಿನ ಹಾಡು

ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರದ ಮುಂದೆ ಹಾಯುವಾಗಲೆಲ್ಲ ನನಗೆ ಖಾನಾಪುರದ ನಮ್ಮ ಮನೆಯ ಬೀಸುಕಲ್ಲು ನೆನಪಾಗುತ್ತದೆ. ನಾನಾಗ ಹುಡುಗ. ಬೆಳಗಿನ ಹೊತ್ತು ಅಜ್ಜಿ ಹಾಡುತ್ತ ಬೀಸುತ್ತಿದ್ದಳು. ರೇಡಿಯೋದಲ್ಲಿ ಕುಮಾರರ ಗಾಯನ. “ಆಯಿ, ಸುಮ್ಮನಿರು, ಸಂಗೀತ ಕೇಳಬೇಕು” ಎಂದೆ. ಆಕೆ ಕಲ್ಲನ್ನೇ ನಿಲ್ಲಿಸಿದಳು.

ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠನೇ ಮುಂದೆ ಕುಮಾರ ಗಂಧರ್ವರಾದುದು. ದೊಡ್ಡ ಗವಾಯಿಗಳ ಧ್ವನಿಮುದ್ರಿಕೆಗಳನ್ನು ಕೇಳಿ ಬಾಲಕನು ಅಂತೆಯೇ ಹಾಡಿ ತೋರಿಸುತ್ತಿದ್ದನಂತೆ. ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಿಕ್ಷಣ ದೊರೆಯಿತು. ಕೀರ್ತಿ ಏರುತ್ತಿದ್ದಂತೆಯೇ ಕ್ಷಯ ತಗುಲಿತು. ಮಾಳವದ ದೇವಾಸದಲ್ಲಿ ಸುಮಾರು ಆರು ವರ್ಷ ಹಾಸಿಗೆ. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ.

ಪರರ ಕಂಠವನ್ನೆಲ್ಲ ಅನುಕರಿಸಬಲ್ಲ ಗಾಯಕನಿಗೆ ಆಗ ಉಳಿದುದು ಕಿವಿಯೊಂದೇ. ಆ ಕಿವಿಗೆ ಬಿದ್ದುದು ಮಾಳವದ ಹಳ್ಳಿಗರ ಹಾಡು. ಅದರ ಧಾಟಿಗಳನ್ನು ಅವರು ಕೂಡಿಟ್ಟರು, ಸ್ವರಕ್ಕಿಳಿಸಿದರು. 1953ರ ಹೊತ್ತಿಗೆ ಮತ್ತೆ ಹಾಡತೊಡಗಿದಾಗ ಒಂದು ಶ್ವಾಸಕೋಶ ಕೈಕೊಟ್ಟಿತ್ತು. ಉಸಿರು ಮೊಟಕಾಗಿತ್ತು, ಆದರೆ ಧ್ವನಿ ತಮ್ಮದೇ ಆಗಿತ್ತು. ಜನಪದದ ಧಾಟಿಗಳಿಂದ ಮಾಲವತಿ, ಸಂಜಾರಿಯಂಥ ಹೊಸ ರಾಗಗಳು ಮೈದಳೆದವು. 1965ರಲ್ಲಿ ಅವರ ರಚನೆಗಳು ‘ಅನೂಪ ರಾಗ ವಿಲಾಸ’ವಾಗಿ ಪ್ರಕಟವಾದವು. ರಾಗದ ಬೇರು ಜನಪದದಲ್ಲಿದೆಯೆಂಬುದು ಅವರ ದೃಢ ನಂಬಿಕೆ. 1992ರ ಜನವರಿ 12ರಂದು ತೀರಿಕೊಳ್ಳುವವರೆಗೂ ಅವರ ಹಾಡಿಕೆಯೇ ಅದಕ್ಕೆ ಸಾಕ್ಷಿ.

ಇದನ್ನೆಲ್ಲ ನಾನು ತಿಳಿಯುವ ವೇಳೆಗೆ ಅಜ್ಜಿ ಇರಲಿಲ್ಲ. ಯಾರ ಹಾಡಿಗಾಗಿ ಆಕೆಯ ಬಾಯಿ ಮುಚ್ಚಿಸಿದೆನೋ, ಆ ಮಹಾನುಭಾವರು ನಮ್ಮ ಪಡಸಾಲೆಗೆ ಬಂದಿದ್ದರೆ ಬೀಸುಕಲ್ಲಿನ ಬಳಿಯೇ ಕೂಡುತ್ತಿದ್ದರು. ಕುಮಾರರ ಹಾಡು ಇಂದಿಗೂ ಸಿಗುತ್ತದೆ. ಅಜ್ಜಿ ಅರ್ಧಕ್ಕೆ ನಿಲ್ಲಿಸಿದ ಹಾಡಿನ ಮುಂದಿನ ನುಡಿ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಬಾರದು.