ತವರಿಗೆ ಹೊರಡುವ ಮುನ್ನ ಸಿಸ್ಟರ್ ಜೊತೆ ಹತ್ತು ನಿಮಿಷ



ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ಹಳೆಯ ರೂಢಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಲಿ, ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಧಾರವಾಡಕ್ಕೋ ಹಾಸನಕ್ಕೋ ಉಡುಪಿಗೋ ರೈಲು ಹತ್ತುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಅಮ್ಮನ ಕೈಯಡುಗೆ, ಬಾಣಂತನದ ಆರೈಕೆ ಎಲ್ಲರಿಗೂ ಬೇಕು. ಆದರೆ ಆಸ್ಪತ್ರೆಯ ಕಡೆಯಿಂದ ನೋಡಿದರೆ, ಆರು ತಿಂಗಳು ನೋಡಿಕೊಂಡವರು ಒಂದು ಊರಿನಲ್ಲಿ, ಹೆರಿಗೆ ಮಾಡಿಸುವವರು ಇನ್ನೊಂದು ಊರಿನಲ್ಲಿ. ಇಬ್ಬರ ನಡುವೆ ಮಾಹಿತಿ ಕಳೆದುಹೋದರೆ ತೊಂದರೆ ತಾಯಿಗೂ ಮಗುವಿಗೂ. ಈ ಕೊಂಡಿ ಕಳಚದಂತೆ ನೋಡಿಕೊಳ್ಳಬಲ್ಲವರು ನರ್ಸ್. ಅವರ ಕೆಲಸವೇನು, ಅವರಿಂದ ನೀವು ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ಈ ಸಲ ನೋಡೋಣ.

ಸಿಸ್ಟರ್ ಅಷ್ಟೊಂದು ಪ್ರಶ್ನೆ ಕೇಳುವುದೇಕೆ?

ವೈದ್ಯರು ನಿಮ್ಮನ್ನು ನೋಡುವುದು ಕೆಲವೇ ನಿಮಿಷ. ಅದಕ್ಕೂ ಮೊದಲು ತೂಕ, ರಕ್ತದೊತ್ತಡ ನೋಡುವುದು, ಪರೀಕ್ಷೆಗಳ ವರದಿ ಜೋಡಿಸುವುದು, ಚುಚ್ಚುಮದ್ದು ಕೊಡುವುದು ಸಿಸ್ಟರ್ ಕೆಲಸ. ಮುಟ್ಟು ನಿಂತದ್ದು ತಿಳಿದ ಕೂಡಲೇ, 12 ವಾರದೊಳಗೆ ಹೆಸರು ನೋಂದಾಯಿಸಿ. ಕನಿಷ್ಠ ನಾಲ್ಕು ಸಲ ತಪಾಸಣೆ ಆಗಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಂಟು ಸಲ ಆಗಲಿ ಎಂದಿದೆ.

ಮೊದಲ ಪ್ರಶ್ನೆ, ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಎಂಬುದು. ಆ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಮನೆಯಲ್ಲಿ ನಾವು "ಏಳು ತುಂಬಿ ಎಂಟಕ್ಕೆ ಬಿತ್ತು" ಎಂದು ತಿಂಗಳಲ್ಲಿ ಎಣಿಸುತ್ತೇವೆ, ಆಸ್ಪತ್ರೆಯವರು ವಾರದಲ್ಲಿ ಎಣಿಸುತ್ತಾರೆ. ಹೀಗಾಗಿ ತಿಂಗಳು ಹೇಳಬೇಡಿ, ತಾರೀಕನ್ನೇ ಹೇಳಿ.

ಉಳಿದ ಪ್ರಶ್ನೆಗಳು ಹಿಂದಿನ ಬಸಿರು, ಗರ್ಭಪಾತ, ಥೈರಾಯ್ಡ್, ಅಪಸ್ಮಾರ, ಆಸ್ತಮಾ, ನುಂಗುತ್ತಿರುವ ಮಾತ್ರೆಗಳ ಬಗ್ಗೆ ಇರುತ್ತವೆ. ಗಂಡ ಸೋದರಮಾವನೋ ಅತ್ತೆಯ ಮಗನೋ ಎಂದೂ ಕೇಳಬಹುದು. ರಕ್ತಸಂಬಂಧದ ಮದುವೆಯಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚು, ಅದಕ್ಕಾಗಿ ಈ ಪ್ರಶ್ನೆ. ಅತ್ತೆಯವರ ಎದುರಿನಲ್ಲಿ ಹೇಳಲಾಗದ ಸಂಗತಿಗಳೂ ಇರುತ್ತವೆ. ಆಗ "ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕಿತ್ತು" ಎಂದು ಸಿಸ್ಟರ್‌ಗೆ ಹೇಳಿ. ಅದು ನಿಮ್ಮ ಹಕ್ಕು. ಮುಚ್ಚಿಟ್ಟ ಒಂದು ವಿಷಯ ಹೆರಿಗೆಯ ಹೊತ್ತಿನಲ್ಲಿ ದುಬಾರಿಯಾಗಬಹುದು.

ಕಾರ್ಡಿನ ಮೇಲಿನ ಅಂಕಿಗಳು

ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾದರೆ ಎಚ್ಚರಿಕೆ ಬೇಕು. ಅದರ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಂಡುಬಂದರೆ ಮುಂದೆ ಫಿಟ್ಸ್ ಬರುವ ಅಪಾಯವಿದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ.

ಇನ್ನೊಂದು ಸಕ್ಕರೆಯ ಪರೀಕ್ಷೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ. ಖಾಲಿ ಹೊಟ್ಟೆಯಲ್ಲೇ ಬರಬೇಕೆಂಬ ಕಟ್ಟುಪಾಡಿಲ್ಲದ ಈ ಸುಲಭ ವಿಧಾನವನ್ನು ನಮ್ಮ ದೇಶದಲ್ಲಿ ಬಳಕೆಗೆ ತರಲು ದುಡಿದವರು ಚೆನ್ನೈನ ಡಾ. ವಿ. ಶೇಷಯ್ಯ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ ಇದನ್ನು ಮಾಡಬೇಕು.

ತಾಯಿಯ ರಕ್ತದ ಗುಂಪು ನೆಗೆಟಿವ್, ತಂದೆಯದು ಪಾಸಿಟಿವ್ ಆಗಿದ್ದರೆ ಸುಮಾರು 28ನೆಯ ವಾರದಲ್ಲಿ ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಂದು. ತಪ್ಪಿದರೆ ಮುಂದಿನ ಬಸಿರಿನ ಮಗುವಿಗೆ ಅಪಾಯ.

ಗಮನಿಸಿದಿರಾ? ಎರಡನೆಯ ಸಕ್ಕರೆ ಪರೀಕ್ಷೆ, ಆಂಟಿ-ಡಿ ಎರಡೂ ಬರುವುದು ಸೀಮಂತದ ಸೀರೆ ಖರೀದಿ, ರೈಲಿನ ಟಿಕೆಟ್ಟು ಎಂದು ಓಡಾಡುವ ದಿನಗಳಲ್ಲೇ. ಇಲ್ಲಿಯವರು "ಊರಲ್ಲಿ ಮಾಡಿಸುತ್ತಾರೆ" ಎಂದುಕೊಳ್ಳುತ್ತಾರೆ, ಅಲ್ಲಿಯವರು "ಆಗಲೇ ಆಗಿರಬೇಕು" ಎಂದುಕೊಳ್ಳುತ್ತಾರೆ. ಯಾರೂ ಮಾಡಿಸದೆ ಉಳಿದುಬಿಡುತ್ತದೆ.

ಮಾತ್ರೆಗಳ ವಿಚಾರ

ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್, ಆನಂತರ ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ, ಜೊತೆಗೆ ಕ್ಯಾಲ್ಸಿಯಂ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಬೇಡ, ಎರಡು ಗಂಟೆ ಅಂತರವಿರಲಿ. ಮಾತ್ರೆ ನುಂಗಿದ ಮೇಲೆ ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ಪಾನಕ ಕುಡಿದರೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾದರೆ ಹೆದರಬೇಡಿ. "ಕಬ್ಬಿಣದ ಮಾತ್ರೆಯಿಂದ ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ" ಎಂಬ ಮಾತುಗಳಿಗೆ ಆಧಾರವಿಲ್ಲ. ಹೊಟ್ಟೆ ತೊಳಸಿದರೆ ಸಿಸ್ಟರ್‌ಗೆ ಹೇಳಿ, ನುಂಗುವ ಹೊತ್ತು ಬದಲಿಸಿಕೊಡುತ್ತಾರೆ. ಮಾತ್ರೆಯನ್ನು ಮಾತ್ರ ಕದ್ದು ಎಸೆಯಬೇಡಿ.

ಭಾಷೆ ಬಾರದಿದ್ದರೆ?

ಮದುವೆಯಾಗಿ ಹೊಸದಾಗಿ ಬಂದವರಿಗೆ ಈ ಊರಿನ ಭಾಷೆ ತೊಡಕಾಗುತ್ತದೆ. ಸಂಕೋಚದಿಂದ ತಲೆಯಾಡಿಸಿ ಬಂದುಬಿಡುತ್ತಾರೆ. ತುರ್ತಿಗೆ ಈ ಎರಡು ಮಾತುಗಳನ್ನಾದರೂ ಕಲಿತಿರಿ.

- ರಕ್ತ ಹೋಗುತ್ತಿದೆ: ಹಿಂದಿಯಲ್ಲಿ "ಖೂನ್ ಜಾ ರಹಾ ಹೈ", ಮರಾಠಿಯಲ್ಲಿ "ರಕ್ತ ಜಾತಂಯ", ತಮಿಳಿನಲ್ಲಿ "ರತ್ತಂ ಪೋಗುದು", ತೆಲುಗಿನಲ್ಲಿ "ರಕ್ತಂ ಪೋತೋಂದಿ".
- ಮಗು ಅಲುಗಾಡುತ್ತಿಲ್ಲ: "ಬಚ್ಚಾ ಹಿಲ್ ನಹೀಂ ರಹಾ", "ಬಾಳ ಹಲತ ನಾಹೀ", "ಕುಳಂದೈ ಅಸೈಯಲೆ", "ಬಿಡ್ಡ ಕದಲಡಂ ಲೇದು".

ಊರಿಗೆ ಹೊರಡುವ ಮುನ್ನ

ಹೊರಡುವ ಹದಿನೈದು ದಿನ ಮೊದಲೇ ಆಸ್ಪತ್ರೆಗೆ ಹೋಗಿ. ಸಿಸ್ಟರ್ ಬಳಿ ಹತ್ತು ನಿಮಿಷ ಕುಳಿತು ಹೀಗೆ ಕೇಳಿ: "ನಾನು ಊರಿಗೆ ಹೋಗುತ್ತಿದ್ದೇನೆ. ಏನೇನು ಆಗಿದೆ, ಏನೇನು ಬಾಕಿ ಇದೆ, ಬರೆದುಕೊಡಿ." ಫೈಲಿನಲ್ಲಿ ಇವು ಇರಲಿ:

- ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡು (ಕರ್ನಾಟಕದಲ್ಲಿ ಇದೇ "ತಾಯಿ ಕಾರ್ಡ್")
- ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆಗಳ ವರದಿ
- ಎಲ್ಲ ಸ್ಕ್ಯಾನ್ ವರದಿಗಳು, ಮೊದಲ ಮೂರು ತಿಂಗಳಿನದೂ ಸೇರಿ
- ಧನುರ್ವಾಯು ತಡೆಯುವ ಟಿ.ಡಿ. ಚುಚ್ಚುಮದ್ದು ಪಡೆದ ತಾರೀಕುಗಳು
- ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಯಾವುದಾದರೂ ಔಷಧ ಒಗ್ಗದಿದ್ದರೆ ಅದರ ಹೆಸರು

ಎಲ್ಲದರ ಫೋಟೋ ಗಂಡನ ಮೊಬೈಲಿನಲ್ಲೂ ಇರಲಿ. ರೈಲಿನಲ್ಲಿ ಗರ್ಭಿಣಿಯರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ. ದಾರಿಯಲ್ಲಿ ನೀರು ಕುಡಿಯುತ್ತಾ, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಿ.

ಊರು ಸೇರಿದ ಮೊದಲ ವಾರದಲ್ಲೇ ಹೆರಿಗೆ ಆಗಬೇಕಾದ ಆಸ್ಪತ್ರೆಗೆ ಹೋಗಿ ಕಾರ್ಡು ತೋರಿಸಿ. ನೋವು ಬಂದ ದಿನ ಮೊದಲ ಸಲ ಕಾಲಿಡುವಂತಾಗಬಾರದು. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಉಚಿತವಾಗಿ ತಪಾಸಣೆ ಮಾಡುತ್ತಾರೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಅಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಊಟ, ವಾಹನ ಎಲ್ಲವೂ ಉಚಿತ.

ತಡಮಾಡಬಾರದ ಲಕ್ಷಣಗಳು

ರಕ್ತಸ್ರಾವ, ನೀರು ಹೋಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಫಿಟ್ಸ್, ಜ್ವರ, ಉಸಿರಾಟದ ತೊಂದರೆ, ತೀವ್ರ ಹೊಟ್ಟೆನೋವು, ಮಗುವಿನ ಅಲುಗಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಬೇಡ, ಬೆಳಗಾಗಲಿ ಎಂದು ಕಾಯುವುದೂ ಬೇಡ. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿ.

ಮನೆಯವರಿಗೆ ಎರಡು ಮಾತು

ಗಂಡಸರೇ, ಹೆಂಡತಿಯನ್ನು ರೈಲು ಹತ್ತಿಸಿ ಬಂದರೆ ನಿಮ್ಮ ಕೆಲಸ ಮುಗಿಯಲಿಲ್ಲ. ರಾತ್ರಿ ಹೊತ್ತು ವಾಹನ ಯಾರದು, ಬೇಕಾದರೆ ರಕ್ತ ಕೊಡುವವರು ಯಾರು ಎಂಬುದನ್ನು ಮಾವನವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಜೊತೆಗೊಬ್ಬರು ಇರಲು 2016ರಿಂದ ಅವಕಾಶವಿದೆ. ಅಮ್ಮನೋ ಅಕ್ಕನೋ ಪಕ್ಕದಲ್ಲಿದ್ದರೆ ಧೈರ್ಯ ಬರುತ್ತದೆ.

ಹಿರಿಯರಲ್ಲಿ ಒಂದು ಬಿನ್ನಹ. ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿಯನ್ನು ಬಿಟ್ಟುಬಿಡಿ. ಹಾಲೂಡಿಸುವವಳಿಗೆ ನೀರು ಹೆಚ್ಚೇ ಬೇಕು. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ, ಅದನ್ನು ಮಗುವಿಗೇ ಕುಡಿಸಿ. ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ 180 ದಿನ ಮುಂದುವರಿಯಬೇಕು. ಬಾಣಂತಿ ಕಾರಣವಿಲ್ಲದೆ ಅಳುತ್ತಿದ್ದರೆ, ಎರಡು ವಾರ ಕಳೆದರೂ ಮಂಕಾಗಿಯೇ ಇದ್ದರೆ ಬೈಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮೂರೋ ಐದೋ ತಿಂಗಳಿಗೆ ತೊಟ್ಟಿಲ ಕೂಸಿನೊಂದಿಗೆ ಮರಳಿ ಈ ಊರಿಗೆ ಬರುತ್ತೀರಿ. ಆಗ ಅದೇ ಕಾರ್ಡನ್ನು ಜೋಪಾನವಾಗಿ ತನ್ನಿ. ಹುಟ್ಟಿದಾಗಿನ ಲಸಿಕೆಗಳು, 6, 10 ಮತ್ತು 14ನೆಯ ವಾರದ ಲಸಿಕೆಗಳು ಅದರಲ್ಲೇ ಬರೆದಿರುತ್ತವೆ. ಮುಂದಿನ ಲಸಿಕೆ ಯಾವುದೆಂದು ಇಲ್ಲಿಯ ಸಿಸ್ಟರ್ ಅದನ್ನು ನೋಡಿಯೇ ಹೇಳುತ್ತಾರೆ.