ಮುಪ್ಪಿನ ಹೇಂಟೆಯ ಆರೈಕೆ

ಹೇಂಟೆಯ ಸಹಜ ಆಯುಸ್ಸು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ. ಚೆನ್ನಾಗಿ ನೋಡಿಕೊಂಡರೆ ಹತ್ತು ದಾಟುವುದೂ ಉಂಟು. ಅಮೆರಿಕದ ಮಿಶಿಗನ್‌ನಲ್ಲಿ ಪೀನಟ್ ಎಂಬ ಹೇಂಟೆ 21 ವರ್ಷ ಬಾಳಿ 2023ರ ಡಿಸೆಂಬರಿನಲ್ಲಿ ಸತ್ತಿತು. ಆದರೆ ಲೋಕದ ಹೆಚ್ಚಿನ ಕೋಳಿಗಳಿಗೆ ಮುಪ್ಪು ಬರುವುದೇ ಇಲ್ಲ. ಮಾಂಸದ ಕೋಳಿ ಆರು ವಾರಕ್ಕೆ ತಕ್ಕಡಿ ಏರುತ್ತದೆ. ಫಾರ್ಮಿನ ಮೊಟ್ಟೆಕೋಳಿಯ ಲೆಕ್ಕ 80 ವಾರದ ಆಸುಪಾಸಿಗೆ ಮುಗಿಯುತ್ತದೆ. ತುಳುನಾಡಿನ ಊರಕೋಳಿಗೂ ಕೋರಿರೊಟ್ಟಿ, ದೈವದ ಹರಕೆ, ಕೋಳಿ ಅಂಕ ಎಂದು ದಾರಿಗಳು ಮೊದಲೇ ಗೊತ್ತಾಗಿವೆ. ಇವೆಲ್ಲದರಿಂದ ತಪ್ಪಿಸಿಕೊಂಡು, ಮನೆಯವರ ಪ್ರೀತಿಗೆ ಪಾತ್ರವಾಗಿ ಮುದಿಯಾಗುವ ಹೇಂಟೆ ಅಪರೂಪ. ಮಂಗಳೂರಿನ ಕುಲಶೇಖರದಂಥ ಕಡೆ, ಅಂಗಳ, ಬಾವಿ, ನಾಲ್ಕು ತೆಂಗಿನ ಮರ ಇನ್ನೂ ಉಳಿದಿರುವ ಮನೆಗಳಲ್ಲಿ ಅಂಥದೊಂದು ಹೇಂಟೆ ಕಾಯಿಲೆ ಬಿದ್ದರೆ ಮನೆಯವರಿಗೆ ದಿಕ್ಕು ತೋಚದಿರುವುದು ಸಹಜ. ಕೋಳಿಯ ಮುಪ್ಪು ಯಾರ ಪಾಠದಲ್ಲೂ ಇಲ್ಲ.

ಎರಡನೆಯ ವರ್ಷದಿಂದ ಮೊಟ್ಟೆ ಇಳಿಯುತ್ತಾ ಹೋಗುತ್ತದೆ. ವರ್ಷಕ್ಕೊಮ್ಮೆ ಪುಕ್ಕ ಉದುರಿ ಹೊಸದು ಬರುವುದು ಎಳೆಯ ಕೋಳಿಯಲ್ಲೂ ಇದ್ದದ್ದೇ. ಮುದಿ ಹೇಂಟೆಗೆ ಮಾತ್ರ ಅದು ಹೆಚ್ಚು ಕಾಲ ಹಿಡಿದು ಕಾಯಿಲೆಯಂತೆಯೇ ಕಾಣುತ್ತದೆ. ಕೆಲವಕ್ಕೆ ಕಾಲಿನಲ್ಲಿ ಹುಂಜದಂತೆ ಮುಳ್ಳು ಮೂಡುತ್ತದೆ. ಒಂದೊಂದು ಕೂಗುವುದೂ ಇದೆ. ಹೇಂಟೆ ಕೂಗಿದರೆ ಅಪಶಕುನ ಎಂದು ಅದರ ಕತ್ತು ಮುರಿದವರು ಕಡಿಮೆಯಿಲ್ಲ, ಆದರೆ ಕೂಗಿನ ಕಾರಣ ದೇಹದೊಳಗಿನದು. ಹೇಂಟೆಯಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ಅದು ಕೆಟ್ಟಾಗ ಬಲಗಡೆ ಸುಪ್ತವಾಗಿದ್ದ ಅಂಗ ಬೆಳೆದು ಗಂಡು ಹಾರ್ಮೋನು ಸುರಿಸಬಹುದು. ಕೂಗು ಶಕುನವಲ್ಲದಿದ್ದರೂ ಒಳಗೆ ಏನೋ ಕೆಟ್ಟಿದೆ ಎಂಬ ಸೂಚನೆಯಾಗಿರಬಹುದು.

ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಡುವ ಜೀವಿ. ಸೋತದ್ದು ಗೊತ್ತಾದರೆ ಗಿಡುಗನೂ ಬಿಡುವುದಿಲ್ಲ, ಗುಂಪಿನ ಉಳಿದ ಕೋಳಿಗಳೂ ಬಿಡುವುದಿಲ್ಲ. ಕೋಳಿಗಳಲ್ಲಿ ಕುಕ್ಕುವವರ, ಕುಕ್ಕಿಸಿಕೊಳ್ಳುವವರ ಶ್ರೇಣಿ ಇದೆ ಎಂಬುದನ್ನು ನಾರ್ವೆಯ ಥೋರ್ಲೈಫ್ ಶೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ವಿವರಿಸಿದ್ದ. ಆದ್ದರಿಂದ ಹೇಂಟೆ ಕಣ್ಣು ಮುಚ್ಚಿ, ಗರಿ ಉಬ್ಬಿಸಿ, ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಂತಿದೆ ಎಂದರೆ ಕಾಯಿಲೆ ನಿನ್ನೆ ಮೊನ್ನೆಯದಲ್ಲ. ಅದಕ್ಕೂ ಮೊದಲೇ ತಿಳಿಯಬೇಕೆಂದರೆ ಮುಟ್ಟಿ ನೋಡಬೇಕು. ಎದೆಮೂಳೆಯ ಎರಡು ಪಕ್ಕ ಮಾಂಸ ಕರಗಿ ಮೂಳೆ ಕತ್ತಿಯಲಗಿನಂತೆ ಕೈಗೆ ಸಿಕ್ಕರೆ ಅದು ಬಹಳ ದಿನಗಳಿಂದ ಸರಿಯಾಗಿ ತಿಂದಿಲ್ಲ, ಅಥವಾ ತಿಂದದ್ದು ಮೈಗೆ ಹತ್ತಿಲ್ಲ. ಅಡುಗೆಮನೆಯ ತಕ್ಕಡಿಯೂ ಇಲ್ಲಿ ಒಳ್ಳೆಯ ವೈದ್ಯ: ಒಂದೂವರೆ ಕಿಲೋ ತೂಗುವ ಹೇಂಟೆ 150 ಗ್ರಾಂ ಕಳೆದುಕೊಂಡರೆ ದೇಹದ ಹತ್ತರಲ್ಲೊಂದು ಪಾಲು ಹೋದಂತೆ. ಜುಟ್ಟು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಿರಬಹುದು; ನೀಲಿಯಾಗಿದ್ದರೆ ಉಸಿರಾಟಕ್ಕೋ ಹೃದಯಕ್ಕೋ ತೊಂದರೆ. ಹಿಕ್ಕೆಯ ಮೇಲಿನ ಬಿಳಿ ಭಾಗ ಮೂತ್ರ, ಅದಿರಬೇಕಾದದ್ದೇ. ಹಿಕ್ಕೆ ಬರೀ ಹಸಿರು ನೀರಾಗಿದ್ದರೆ ಕೋಳಿ ಉಪವಾಸವಿದೆ ಎಂದು ಶಂಕಿಸಬೇಕು.

ಎದೆಯ ಮೇಲ್ಭಾಗದಲ್ಲಿ, ಕುತ್ತಿಗೆ ಮುಗಿಯುವಲ್ಲಿ, ತಿಂದದ್ದು ಮೊದಲು ತುಂಬಿಕೊಳ್ಳುವ ಚೀಲವಿದೆ. ರಾತ್ರಿ ಅದು ತುಂಬಿರಬೇಕು, ಬೆಳಗ್ಗೆ ಖಾಲಿಯಾಗಿರಬೇಕು. ಬೆಳಗ್ಗೆಯೂ ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಗಿದ್ದರೆ, ಅಥವಾ ನೀರು ತುಂಬಿ ಬಾಯಿಂದ ಹುಳಿ ವಾಸನೆ ಬಂದರೆ ಕಾಳು ಹಾಕುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕೋಳಿಯನ್ನು ತಲೆಕೆಳಗೆ ಹಿಡಿದು ಕಕ್ಕಿಸುವ ರೂಢಿ ಕೆಲವೆಡೆ ಇದೆ. ಅದು ಅಪಾಯಕರ, ಕಕ್ಕಿದ್ದು ಶ್ವಾಸನಾಳಕ್ಕೆ ಹೋದರೆ ಕೋಳಿ ಅಲ್ಲೇ ಸಾಯಬಹುದು.

ಮುದಿ ಹೇಂಟೆಯ ದೊಡ್ಡ ಕಾಯಿಲೆಗಳು ಹೆಚ್ಚಾಗಿ ಮೊಟ್ಟೆಯ ದಾರಿಯಲ್ಲೇ ಹುಟ್ಟುತ್ತವೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರ ಚಿಪ್ಪಿಗೇ ಸುಮಾರು ಎರಡು ಗ್ರಾಂ ಸುಣ್ಣದಂಶ ಹೋಗುತ್ತದೆ. ಸುಣ್ಣದಂಶ ಸಾಲದೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಹೇಂಟೆ ಮತ್ತೆ ಮತ್ತೆ ಮುಕ್ಕುತ್ತದೆ. ಬೆಚ್ಚನೆಯ ನೀರಿನಲ್ಲಿ ಹೊಟ್ಟೆಯ ಭಾಗ ಮುಳುಗುವಂತೆ ಕೂರಿಸಿದರೆ ಕೆಲವೊಮ್ಮೆ ಸಡಿಲವಾಗುತ್ತದೆ. ಒತ್ತಿ ಹೊರತೆಗೆಯಲು ಹೋಗಬಾರದು, ಒಳಗೇ ಒಡೆದರೆ ನಂಜು ಏರುತ್ತದೆ. ಇನ್ನೊಂದು, ಮೊಟ್ಟೆಯ ಹಳದಿ ಭಂಡಾರ ಮೊಟ್ಟೆನಾಳಕ್ಕೆ ಇಳಿಯದೆ ಹೊಟ್ಟೆಯೊಳಗೆ ಬಿದ್ದು ಕೊಳೆಯುವುದು. ಹೊಟ್ಟೆ ನೀರು ತುಂಬಿದ ಚೀಲದಂತಾಗಿ, ಹೇಂಟೆ ಎದೆ ಮೇಲೆತ್ತಿ ಕಾಲಗಲಿಸಿ ನಡೆಯುತ್ತದೆ. ಅಂಡಾಶಯದ ಕ್ಯಾನ್ಸರಿನಲ್ಲೂ ಇದೇ ಲಕ್ಷಣ. ಹೇಂಟೆಗೆ ಈ ಕ್ಯಾನ್ಸರ್ ತಾನಾಗಿ ಎಷ್ಟು ಬರುತ್ತದೆ ಎಂದರೆ, ಹೆಂಗಸರ ಅಂಡಾಶಯದ ಕ್ಯಾನ್ಸರ್ ಅರಿಯಲು ವಿಜ್ಞಾನಿಗಳು ಹೇಂಟೆಯನ್ನೇ ಮಾದರಿಯಾಗಿ ಬಳಸುತ್ತಾರೆ. ಇವೆರಡೂ ಪೂರ್ತಿ ವಾಸಿಯಾಗುವುದು ಅಪರೂಪ. ವೈದ್ಯರು ಹೊಟ್ಟೆಯ ನೀರು ತೆಗೆದರೆ ಉಸಿರಾಟ ಹಗುರಾಗುತ್ತದೆ, ಆದರೆ ಅದು ಮತ್ತೆ ತುಂಬುತ್ತದೆ.

ಇವೆಲ್ಲ ಒಂದು ಕೋಳಿಯ ಕಾಯಿಲೆಗಳು. ಹಿಂಡಿಗೇ ಹರಡುವುದು ಬೇರೆ. ಕತ್ತು ತಿರುಚಿ ಹಸಿರು ಭೇದಿಯಾದರೆ ಅದು ರಾಣಿಖೇತ್ ಇರಬಹುದು. ಕುಮಾವೂನಿನ ಊರಿನ ಹೆಸರು ಹೊತ್ತ ಈ ರೋಗಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ. ಒಮ್ಮೆಲೇ ಹಲವು ಕೋಳಿ ಸತ್ತರೆ ಹಕ್ಕಿಜ್ವರವನ್ನೂ ನೆನೆಯಬೇಕು. ಕರ್ನಾಟಕದಲ್ಲೇ ಅದು 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಕಂಡಿತ್ತು. ಆಗ ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು.

ವೈದ್ಯರ ವಿಷಯಕ್ಕೆ ಬಂದರೆ ಕುಲಶೇಖರದ ಸ್ಥಿತಿ ತುಸು ವಿಚಿತ್ರ. ದಕ್ಷಿಣ ಕನ್ನಡ ಹಾಲು ಒಕ್ಕೂಟದ ಡೈರಿ ಇರುವುದು ಇಲ್ಲೇ. ಹಸುವಿಗೆ ಕಾಯಿಲೆಯಾದರೆ ಕೇಳುವವರಿದ್ದಾರೆ. ಪಕ್ಕದ ಶಕ್ತಿನಗರದ ಆನಿಮಲ್ ಕೇರ್ ಟ್ರಸ್ಟ್ ಮುಖ್ಯವಾಗಿ ಬೀದಿನಾಯಿ, ಬೆಕ್ಕುಗಳ ಸೇವೆಗೆ ಹೆಸರಾದದ್ದು. ಕೋಳಿಗೆ ಇಂಥದ್ದೇ ಎಂಬ ಬಾಗಿಲಿಲ್ಲ. ಪಶುವೈದ್ಯರ ಶಿಕ್ಷಣದಲ್ಲಿ ಕೋಳಿ ಇದೆ, ಆದರೆ ಹಿಂಡಾಗಿ ಇದೆ: ಸತ್ತ ಒಂದನ್ನು ಕೊಯ್ದು ನೋಡಿ ಉಳಿದ ಸಾವಿರಕ್ಕೆ ಮದ್ದು ಹೇಳುವ ಶಾಸ್ತ್ರ ಅದು. ಇರುವ ಒಂದನ್ನೇ ಉಳಿಸಬೇಕೆನ್ನುವವರಿಗೆ ಅದು ಅರ್ಧ ಮಾತ್ರ ನೆರವಾಗುತ್ತದೆ. ಬ್ರಿಟನ್ನಿನಲ್ಲಿ 2005ರಲ್ಲಿ ಶುರುವಾದ ಬ್ರಿಟಿಷ್ ಹೆನ್ ವೆಲ್‌ಫೇರ್ ಟ್ರಸ್ಟ್ ಫಾರ್ಮುಗಳ ಹಳೆಯ ಮೊಟ್ಟೆಕೋಳಿಗಳನ್ನು ಮನೆಗಳಿಗೆ ಕೊಡತೊಡಗಿದ ಮೇಲೆ ಅಲ್ಲಿನ ವೈದ್ಯರೂ ಮುದಿ ಹೇಂಟೆಯನ್ನು ಕಲಿಯಬೇಕಾಯಿತು. ಮೊಟ್ಟೆ ನಿಲ್ಲಿಸುವ ಹಾರ್ಮೋನನ್ನು ಚರ್ಮದಡಿ ಇಡುವ ಚಿಕಿತ್ಸೆಯೂ ಅಲ್ಲಿದೆ. ಇಲ್ಲಿ ಹತ್ತಿರದ ಸರಕಾರಿ ಪಶು ಆಸ್ಪತ್ರೆಗೆ ಹೋಗುವುದು, ಪಂಜರದ ಹಕ್ಕಿಗಳನ್ನು ನೋಡುವ ಖಾಸಗಿ ವೈದ್ಯರನ್ನು ವಿಚಾರಿಸುವುದು ಸದ್ಯದ ದಾರಿ. ಹೋಗುವಾಗ ವಯಸ್ಸು, ತೂಕ, ಕೊನೆಯ ಮೊಟ್ಟೆ ಯಾವಾಗ ಎಂಬುದನ್ನು ಬರೆದುಕೊಂಡು, ಅಂದಿನ ಹಿಕ್ಕೆಯನ್ನೂ ಒಯ್ದರೆ ವೈದ್ಯರ ಕೆಲಸ ಹಗುರ.

ಮನೆಯ ಆರೈಕೆಯಲ್ಲಿ ಮೊದಲನೆಯದು ಶಾಖ. ಕೋಳಿಯ ಮೈ ಬಿಸಿ 41 ಡಿಗ್ರಿಗೂ ಮೇಲೆ. ತಿನ್ನದ ಕೋಳಿ ಅದನ್ನು ಕಾಯ್ದುಕೊಳ್ಳಲಾರದು. ಮಂಗಳೂರಿನ ಆಟಿ ತಿಂಗಳ ಮಳೆಯಲ್ಲಿ ಗೂಡಿನ ನೆಲ, ಗೋಡೆ, ಗರಿ ಎಲ್ಲವೂ ಒದ್ದೆ. ಆಗ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಒಣ ಹಾಸು ಹಾಕಿ, ಒಂದು ಬದಿಗೆ ಹಳೆಯ ಕಾಲದ ತಂತಿಯ ಬಲ್ಬು ತೂಗಬಿಟ್ಟು 27ರಿಂದ 30 ಡಿಗ್ರಿ ಇರುವಂತೆ ನೋಡಿಕೊಳ್ಳಬೇಕು. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆ, ಶಾಖವಿಲ್ಲ. ಬಿಸಿ ಹೆಚ್ಚಾದರೆ ಸರಿದು ಕೂರಲು ಇನ್ನೊಂದು ಬದಿ ತಣ್ಣಗಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲ ತಿರುಗುಮುರುಗು: ಬೆವರುಗ್ರಂಥಿಯಿಲ್ಲದ ಹೇಂಟೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ಅದಕ್ಕೆ ನೆರಳು, ಗಾಳಿ, ತಣ್ಣೀರು ಬೇಕು. ಕಾಯಿಲೆಯ ಹೇಂಟೆಯನ್ನು ಉಳಿದ ಕೋಳಿಗಳಿಂದ ಬೇರೆಯಿಡಬೇಕು. ಅಂಟುರೋಗವಲ್ಲ ಎಂದಾದರೆ ಅವು ಕಣ್ಣಿಗೆ ಕಾಣುವಂತಿರಲಿ, ಒಂಟಿಯಾದ ಕೋಳಿ ತಿನ್ನುವುದನ್ನೇ ಬಿಡುತ್ತದೆ.

ಆಹಾರಕ್ಕಿಂತ ಮೊದಲು ನೀರು. ಕೊಕ್ಕಿನ ಅಂಚಿಗೆ ಹನಿ ತಾಗಿಸಿದರೆ ಅದೇ ಚಪ್ಪರಿಸಿ ನುಂಗುತ್ತದೆ. ಬಾಯಿ ಅಗಲಿಸಿ ಸಿರಿಂಜಿನಲ್ಲಿ ಸುರಿಯಬಾರದು, ಉಸಿರಿನ ದಾರಿ ನಾಲಿಗೆಯ ಹಿಂದೆಯೇ ತೆರೆದುಕೊಂಡಿದೆ. ಕುಚಲಕ್ಕಿಯ ಮೆತ್ತನೆ ಗಂಜಿಗೆ ಬೇಯಿಸಿದ ಮೊಟ್ಟೆಯನ್ನು ಹಿಸುಕಿ ಕೊಟ್ಟರೆ ಹೆಚ್ಚಿನ ಹೇಂಟೆಗಳು ಮುಟ್ಟದೆ ಬಿಡುವುದಿಲ್ಲ. ಬರೀ ಅನ್ನ, ತೆಂಗಿನಕಾಯಿ ತುರಿಯ ಮೇಲೆ ಸಾಕಿದ ಹೇಂಟೆಗೆ ಯಕೃತ್ತಿನಲ್ಲಿ ಕೊಬ್ಬು ಕಟ್ಟುತ್ತದೆ. ಮೊಟ್ಟೆ ನಿಲ್ಲಿಸಿದ್ದಕ್ಕೆ ಲೇಯರ್ ಫೀಡ್ ಬೇಡ, ಅದರಲ್ಲಿನ ಹೆಚ್ಚಿನ ಸುಣ್ಣದಂಶ ಮೂತ್ರಪಿಂಡಕ್ಕೆ ಭಾರ. ಮರುವಾಯಿ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಟ್ಟರೆ ಬೇಕಾದದ್ದು ತಿನ್ನುತ್ತದೆ. ಬೂಷ್ಟು ಹಿಡಿದ ಶೇಂಗಾ ಹಿಂಡಿ ವಿಷವೇ ಸರಿ.

ಎತ್ತುವಾಗ ಎದೆಯನ್ನು ಅದುಮಬಾರದು. ಕೋಳಿಗೆ ವಪೆಯಿಲ್ಲ, ಎದೆಗೂಡು ಅಲುಗಿದರೆ ಮಾತ್ರ ಉಸಿರು. ಹಿಂಭಾಗದ ಪುಕ್ಕಕ್ಕೆ ಹಿಕ್ಕೆ ಅಂಟಿ ನೊಣ ಕೂತರೆ ಹುಳುವಾಗಲು ಒಂದೆರಡು ದಿನ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಮನುಷ್ಯರ ಮಾತ್ರೆಯನ್ನು ಅಂದಾಜಿನ ಮೇಲೆ ಮುರಿದು ಹಾಕುವುದು ಬೇಡ. ಆಂಟಿಬಯೋಟಿಕ್ ಕೊಡುತ್ತಿರುವಾಗ, ಮುಗಿದ ಮೇಲೂ ವೈದ್ಯರು ಹೇಳಿದಷ್ಟು ದಿನ, ಅದರ ಮೊಟ್ಟೆ ತಿನ್ನಬಾರದು. ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು ಮಾಂಸ, ಮೊಟ್ಟೆಗಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ 2019ರಲ್ಲೇ ನಿಷೇಧಿಸಿದೆ. ಕೋಳಿಯನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಸಾಲ್ಮೊನೆಲ್ಲಾ ಕೋಳಿಯಿಂದ ಮನುಷ್ಯರಿಗೆ ಬರುತ್ತದೆ.

ಎಷ್ಟು ದಿನ ಹೀಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ತಾನಾಗಿ ತಿನ್ನುತ್ತದೆಯೇ, ಕಾಲ ಮೇಲೆ ನಿಲ್ಲುತ್ತದೆಯೇ, ಬಿಸಿಲಿಗೆ ಬಿಟ್ಟರೆ ಮಣ್ಣು ಕೆದಕುತ್ತದೆಯೇ? ಮೂರೂ ನಿಂತು, ಬಾಯಿ ತೆರೆದೇ ಉಸಿರಾಡುತ್ತಿದ್ದರೆ ಆರೈಕೆಯ ಹೆಸರಿನಲ್ಲಿ ನರಳಿಸುವುದು ಪ್ರೀತಿಯಲ್ಲ. ಮೊದಲು ಮಂಪರು ಬರಿಸಿ ಅನಂತರ ಚುಚ್ಚುಮದ್ದಿನಿಂದ ನೋವಿಲ್ಲದೆ ಸಾಯಿಸುವುದು ವೈದ್ಯರಿಗೆ ಸಾಧ್ಯ, ಅದನ್ನು ಕೇಳಲು ಸಂಕೋಚ ಪಡಬೇಕಾಗಿಲ್ಲ.

ಹಾಗೆ ಸತ್ತ ಕೋಳಿಯ ಮೈಯಲ್ಲಿ ಮದ್ದು ಉಳಿದಿರುತ್ತದೆ. ಅದನ್ನು ಕಸಕ್ಕೆ ಎಸೆದರೆ ತಿಂದ ನಾಯಿ, ಗಿಡುಗಗಳೂ ಸಾಯಬಹುದು. ಇಲ್ಲಿನ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗಿ ಹೋಗುವುದರಿಂದ, ಬಾವಿಯಿಂದ ದೂರದಲ್ಲಿ ಮೂರಡಿ ಆಳಕ್ಕೆ ಹೂಳಬೇಕು. ಸಾವಿನ ಕಾರಣ ತಿಳಿಯಬೇಕೆಂದಿದ್ದರೆ ಹೂಳುವ ಮೊದಲೇ ವೈದ್ಯರನ್ನು ಕೇಳಿ, ದೇಹವನ್ನು ಫ್ರೀಜರಿನಲ್ಲಿ ಗಟ್ಟಿಯಾಗಿಸದೆ ಮಂಜುಗಡ್ಡೆಯ ನಡುವೆ ಇಟ್ಟು ಅದೇ ದಿನ ತಲುಪಿಸಿ.