ಹೆಪ್ಪಿನ ಹಗೆ



ಹಾಲು ಮೊಸರಾಗುವುದು ಅಣುಜೀವಿಗಳ ಉಪಕಾರದಿಂದ. ಅವು ಹಾಲಿನ ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುವುವು. ಆಮ್ಲದಿಂದ ಹಾಲು ಹೆಪ್ಪುಗಟ್ಟುವುದು. ಈ ಉಪಕಾರಿಗಳಿಗೂ ಹಗೆಗಳುಂಟು. ಅಣುಜೀವಿಗಳನ್ನೇ ತಿಂದು ಬೆಳೆಯುವ ಈ ವೈರಸ್ಸುಗಳನ್ನು 1915ರಲ್ಲಿ ಇಂಗ್ಲೆಂಡಿನ ಟ್ವಾರ್ಟ್, 1917ರಲ್ಲಿ ಪ್ಯಾರಿಸಿನ ದೆರೆಲ್ ಬೆಳಕಿಗೆ ತಂದರು; ದೆರೆಲ್ ಅವಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟನು. ಚೀಸಿನ ಹೆಪ್ಪು ಕೆಡುವುದಕ್ಕೆ ಇವೇ ಕಾರಣವೆಂದು 1935ರಲ್ಲಿ ತೋರಿಸಿದವರು ನ್ಯೂಜಿಲೆಂಡಿನ ವೈಟ್‌ಹೆಡ್ ಮತ್ತು ಕಾಕ್ಸ್.

ಇವುಗಳಲ್ಲಿ ಅನೇಕವುಗಳ ತಲೆಯ ಅಗಲ ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲೊಂದು ಪಾಲು ಮಾತ್ರ. ಒಂದು ವೈರಸ್ಸು ಅಣುಜೀವಿಯನ್ನು ಹೊಕ್ಕರೆ, ಒಂದು ಗಂಟೆಯಷ್ಟರಲ್ಲಿ ಅದನ್ನು ಒಡೆದುಕೊಂಡು ಹತ್ತಾರು, ಕೆಲವೊಮ್ಮೆ ನೂರಕ್ಕೂ ಮೇಲ್ಪಟ್ಟು ಮರಿಗಳು ಹೊರಬೀಳುವುವು. ಹಾಗಾದಾಗ ತೊಟ್ಟಿಯ ಹಾಲು ಹುಳಿಯದೆ ನಿಂತುಬಿಡುವುದು. ಆಮ್ಲವಿಲ್ಲದ ಆ ಹಾಲಿನಲ್ಲಿ ಬೇಡದ ಜೀವಿಗಳು ಬೆಳೆಯುವುದಕ್ಕೂ ಎಡೆಯಾಗುವುದು.

ಹಾಲನ್ನು ಕಾಯಿಸಿದರಾಯಿತಲ್ಲ ಎನ್ನುವಿರೇನೋ. 63 ಡಿಗ್ರಿಯಲ್ಲಿ ಅರ್ಧ ಗಂಟೆ, ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣಕ್ಕೆ ಕ್ಷಯರೋಗದ ಕ್ರಿಮಿ ಸಾಯುತ್ತದೆ. ಈ ಹಗೆಗಳಲ್ಲಿ ಅನೇಕವು ಸಾಯುವುದಿಲ್ಲ. ಸಾಯಲು ಅವಕ್ಕೆ ಉಸಿರೆಲ್ಲಿದೆ? ಪ್ರೋಟೀನಿನ ಚಿಪ್ಪು, ಒಳಗೆ ಮಡಿಸಿಟ್ಟ ಬೀಜದ್ರವ್ಯ, ಇಷ್ಟೇ ಅವುಗಳ ಸಂಸಾರ. ಹಾಲಿನ ಪ್ರೋಟೀನು ಅವಕ್ಕೆ ಮತ್ತಷ್ಟು ರಕ್ಷಣೆ ಕೊಡುತ್ತದೆ. ಮೇಲಾಗಿ ಬಿಸಿಯು ಎಲ್ಲವನ್ನೂ ಒಮ್ಮೆಗೇ ಕೊಲ್ಲುವುದಿಲ್ಲ. ನಿಮಿಷಕ್ಕೆ ಹತ್ತರಲ್ಲಿ ಒಂಬತ್ತು ನಾಶವಾದವೆಂದೇ ಎಣಿಸಿದರೂ, ಕೋಟಿಯಿಂದ ಆರಂಭಿಸಿದಲ್ಲಿ ಏಳು ನಿಮಿಷದ ಮೇಲೂ ಒಂದು ಉಳಿಯುವ ಲೆಕ್ಕ. ಮುಂದಿನ ಅನರ್ಥಕ್ಕೆ ಆ ಒಂದೇ ಸಾಕು. ಆದುದರಿಂದ ಹೆಪ್ಪು ಬೆಳೆಸುವ ಹಾಲನ್ನು 90 ಡಿಗ್ರಿಯಲ್ಲಿ ಕಾಲು ಗಂಟೆಯವರೆಗೂ ಇರಿಸುವ ರೂಢಿಯುಂಟು. ಅದಕ್ಕೂ ಪೂರ್ತಿಯಾಗಿ ಮಣಿಯದ ತಳಿಗಳಿವೆ.

ನಿಪ್ಪಾಣಿಯ ಬಳಿಯ ಅಕ್ಕೋಳದಂತಹ ಊರಿನ ಗೃಹಿಣಿಗೆ ಈ ಲೆಕ್ಕ ಬೇಕಿಲ್ಲ. ಹಾಲನ್ನು ಆಕೆ ಉಕ್ಕುವವರೆಗೆ ಕಾಯಿಸುವಳು, ನಿಜ. ಆದರೆ ಆರಿದ ಮೇಲೆ ಬೆರೆಸುವ ನಿನ್ನೆಯ ಮೊಸರಿಗೆ ಬಿಸಿ ತಾಕುವುದೇ ಇಲ್ಲ. ಹಗೆಯಿದ್ದರೆ ಅದರಲ್ಲಿಯೇ ಬರಬೇಕು. ಹೀಗಿದ್ದೂ ಮನೆಯ ಹೆಪ್ಪು ವರ್ಷಗಟ್ಟಲೆ ನಡೆಯುವುದೇಕೆ? ಅದರಲ್ಲಿ ಹಲವು ಜಾತಿಯ ಅಣುಜೀವಿಗಳು ಕೂಡಿ ಬಾಳುತ್ತವೆ. ಒಂದನ್ನು ಕೊಲ್ಲುವ ವೈರಸ್ಸು ಸಾಮಾನ್ಯವಾಗಿ ಮತ್ತೊಂದನ್ನು ಮುಟ್ಟದು. ಕಾರ್ಖಾನೆಗಳಲ್ಲಿ ಒಂದೇ ತಳಿಯ ಶುದ್ಧ ಹೆಪ್ಪನ್ನು ದಿನವೂ ಬಳಸತೊಡಗಿದ ಮೇಲೆಯೇ ಈ ಪೀಡೆ ಬಲಿತದ್ದೆಂಬುದು ವಿಚಿತ್ರವಾದರೂ ಸತ್ಯ. ಹೆಪ್ಪು ಕೆಟ್ಟಾಗ ನೆರೆಮನೆಯಿಂದ ಬೇರೆ ಹೆಪ್ಪು ತರುವ ನಮ್ಮ ವಾಡಿಕೆಯನ್ನೇ ವಿಜ್ಞಾನಿಗಳೂ ಹಿಡಿದಿದ್ದಾರೆ: ಇಂದು ಒಂದು ತಳಿ, ನಾಳೆ ಅದಕ್ಕೆ ನಂಟಿಲ್ಲದ ಇನ್ನೊಂದು. ಚೀಸು ಮಾಡಿ ಉಳಿದ ತಿಳಿನೀರಂತೂ ಈ ವೈರಸ್ಸುಗಳ ಆಗರವಾದುದರಿಂದ, ಅದರ ಹನಿ ಸಿಡಿಯುವೆಡೆಯಲ್ಲಿ ಹೆಪ್ಪಿನ ಪಾತ್ರೆಯನ್ನು ತೆರೆಯುವುದಿಲ್ಲ.